ಬೀಳುವ ತುಂಡುಗಳು: ಒಂದು ಆಟ, ಒಂದು ವಿಡಿಯೋ, ಒಂದು ಸುದ್ದಿ



2023ರ ಡಿಸೆಂಬರ್ 21ರಂದು ಅಮೆರಿಕದ ಓಕ್ಲಹೋಮಾ ರಾಜ್ಯದ ಹದಿಮೂರು ವರ್ಷದ ಹುಡುಗನೊಬ್ಬ ತನ್ನ ಮನೆಯಲ್ಲಿ ಕುಳಿತು ಹಳೆಯದೊಂದು ವಿಡಿಯೋ ಆಟ ಆಡುತ್ತಿದ್ದ. ಆಟದ ಹೆಸರು ಟೆಟ್ರಿಸ್. ಸುಮಾರು 38 ನಿಮಿಷಗಳ ಕಾಲ ಆಡಿದ ಮೇಲೆ, 157ನೆಯ ಹಂತದಲ್ಲಿ, ಪರದೆ ಇದ್ದಕ್ಕಿದ್ದಂತೆ ಸ್ತಬ್ಧವಾಯಿತು. ತುಂಡುಗಳು ಬೀಳುವುದು ನಿಂತಿತು. ಯಂತ್ರ ಮುಂದಕ್ಕೆ ಸಾಗಲಾರದೆ ಕೈಚೆಲ್ಲಿತ್ತು. ಆ ಯಂತ್ರಕ್ಕಾಗಿ ಟೆಟ್ರಿಸ್ ಹೊರಬಂದದ್ದು 1989ರಲ್ಲಿ. ಅಂದಿನಿಂದ 34 ವರ್ಷಗಳ ಕಾಲ ಯಾವ ಮನುಷ್ಯನೂ ಅದನ್ನು ಈ ಸ್ಥಿತಿಗೆ ತಂದಿರಲಿಲ್ಲ.

ಹುಡುಗ ತನ್ನ ಆಟದ ವಿಡಿಯೋವನ್ನು ಯೂಟ್ಯೂಬಿನಲ್ಲಿ ಹಾಕಿದ. 2024ರ ಜನವರಿಯ ಮೊದಲ ವಾರದಲ್ಲಿ ಅದು ಜಗತ್ತಿನ ಎಲ್ಲೆಡೆ ಸುದ್ದಿಯಾಯಿತು. ಬ್ರಿಟನ್ನಿನ ಸುದ್ದಿವಾಹಿನಿಯೊಂದರ ನಿರೂಪಕಿ ಈ ಸುದ್ದಿಯನ್ನು ಓದಿದ ಮೇಲೆ, ಒಬ್ಬ ತಾಯಿಯಾಗಿ ತಾನು ಹೇಳುವುದಿಷ್ಟೇ ಎಂದು ಪೀಠಿಕೆ ಹಾಕಿ, ಪರದೆ ಬಿಟ್ಟು ಹೊರಗೆ ಹೋಗಿ ಒಂದಿಷ್ಟು ಗಾಳಿ ಸೇವಿಸಬೇಕು, ಟೆಟ್ರಿಸ್ ಗೆಲ್ಲುವುದು ಬದುಕಿನ ಗುರಿಯಲ್ಲ ಎಂಬ ಅರ್ಥದ ಮಾತನ್ನಾಡಿದರು. ಹಲವರಿಗೆ ಈ ಮಾತು ಹಿಡಿಸಲಿಲ್ಲ. ಮಗುವಿನ ಸಾಧನೆಯನ್ನು ಹೀಗೆ ಹಗುರ ಮಾಡಬಹುದೇ ಎಂದು ಕೇಳಿದರು. ಆದರೆ ಆ ಮಾತು ನಮ್ಮ ನಿಮ್ಮೆಲ್ಲರ ಮನೆಗಳಲ್ಲಿ ದಿನವೂ ಕೇಳಿಬರುವ ಮಾತೇ ಅಲ್ಲವೇ? "ಆ ಫೋನ್ ಕೆಳಗಿಡು, ಹೊರಗೆ ಹೋಗಿ ಆಡು" ಎನ್ನದ ಹಿರಿಯರು ಎಷ್ಟು ಮಂದಿ ಇದ್ದಾರೆ?

ಹಾಗಾದರೆ ಸರಿ ಯಾರದು? ಹುಡುಗನದೋ, ನಿರೂಪಕಿಯದೋ? ತೀರ್ಪು ಕೊಡುವ ಮೊದಲು ಆ ಹುಡುಗ ಮಾಡಿದ್ದೇನು ಎಂಬುದನ್ನು ನಾವು ತಿಳಿಯಬೇಕು. ಅದನ್ನು ತಿಳಿಯಲು ಮಾಸ್ಕೋ ನಗರದಿಂದ ಆರಂಭಿಸಬೇಕು.

ಮಾಸ್ಕೋದ ಗಣಕ ಕೇಂದ್ರದಲ್ಲಿ

1984ರಲ್ಲಿ ಅಲೆಕ್ಸಿ ಪಾಜಿಟ್ನೋವ್ ಎಂಬ ತಂತ್ರಜ್ಞ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದರು. ಅವರಿಗೆ ಒಗಟುಗಳೆಂದರೆ ಬಹಳ ಪ್ರೀತಿ. ಐದು ಚೌಕಗಳನ್ನು ಅಂಚಿಗೆ ಅಂಚು ಸೇರಿಸಿ ಮಾಡಿದ ಹನ್ನೆರಡು ಮರದ ತುಂಡುಗಳನ್ನು ಒಂದು ಪೆಟ್ಟಿಗೆಯಲ್ಲಿ ಜೋಡಿಸುವ ಒಗಟೊಂದಿದೆ. ಇದಕ್ಕೆ ಪೆಂಟೋಮಿನೋ ಎಂದು ಹೆಸರು. ಇದನ್ನೇ ಗಣಕಯಂತ್ರದ ಪರದೆಯ ಮೇಲೆ ತಂದರೆ ಹೇಗೆ ಎಂದು ಪಾಜಿಟ್ನೋವ್ ಯೋಚಿಸಿದರು. ಐದು ಚೌಕಗಳ ಬದಲು ನಾಲ್ಕು ಚೌಕಗಳ ತುಂಡುಗಳನ್ನು ಆರಿಸಿಕೊಂಡರು. ತುಂಡುಗಳು ಮೇಲಿನಿಂದ ಒಂದೊಂದಾಗಿ ಬೀಳಬೇಕು. ಆಡುವವನು ಅವನ್ನು ತಿರುಗಿಸಿ, ಎಡಕ್ಕೋ ಬಲಕ್ಕೋ ಸರಿಸಿ, ಕೆಳಗೆ ಸಂದಿಲ್ಲದಂತೆ ಜೋಡಿಸಬೇಕು. ಒಂದು ಸಾಲು ಪೂರ್ಣವಾಗಿ ತುಂಬಿದರೆ ಅದು ಅಳಿಯಬೇಕು. ರಾಶಿ ಮೇಲಿನ ಅಂಚನ್ನು ಮುಟ್ಟಿದರೆ ಆಟ ಮುಗಿಯಬೇಕು. ಇಷ್ಟೇ ನಿಯಮ. ಗ್ರೀಕ್ ಭಾಷೆಯಲ್ಲಿ ನಾಲ್ಕು ಎಂಬರ್ಥದ 'ಟೆಟ್ರಾ' ಶಬ್ದವನ್ನೂ ತಮ್ಮ ಮೆಚ್ಚಿನ ಕ್ರೀಡೆಯಾದ ಟೆನಿಸ್ಸನ್ನೂ ಕೂಡಿಸಿ 'ಟೆಟ್ರಿಸ್' ಎಂದು ಹೆಸರಿಟ್ಟರು.

ಅವರ ಬಳಿ ಇದ್ದ ಎಲೆಕ್ಟ್ರೋನಿಕಾ 60 ಎಂಬ ಯಂತ್ರಕ್ಕೆ ಚಿತ್ರ ಬರೆಯುವ ಶಕ್ತಿಯೇ ಇರಲಿಲ್ಲ. ಅಕ್ಷರಗಳನ್ನಷ್ಟೇ ತೋರಿಸಬಲ್ಲದಾಗಿತ್ತು. ಆದ್ದರಿಂದ ಮೊದಲ ಟೆಟ್ರಿಸ್‌ನ ಚೌಕಗಳು ಎರಡು ಆವರಣ ಚಿಹ್ನೆಗಳಿಂದ ಆದವು. ಮುಂದೆ ಅದನ್ನು ಐಬಿಎಂ ಗಣಕಕ್ಕೆ ಅಳವಡಿಸಿ ಬಣ್ಣ ತುಂಬುವ ಕೆಲಸದಲ್ಲಿ ನೆರವಾದವರಲ್ಲಿ ವಾದಿಮ್ ಗೆರಾಸಿಮೋವ್ ಒಬ್ಬರು. ಆಗ ಅವರಿಗೆ ಹದಿನಾರು ವರ್ಷ. ಶಾಲೆಯಲ್ಲಿ ಓದುತ್ತಿದ್ದ ವಿದ್ಯಾರ್ಥಿ! ಈ ಆಟದ ಕಥೆಯ ಆರಂಭದಲ್ಲೂ ಒಬ್ಬ ವಿದ್ಯಾರ್ಥಿ ಇದ್ದಾನೆ ಎಂಬುದನ್ನು ನೀವು ಗಮನಿಸಬೇಕು.

ಆಟ ಒಂದು ಗಣಕದಿಂದ ಇನ್ನೊಂದಕ್ಕೆ ಪ್ರತಿಯಾಗುತ್ತ ಹರಡಿತು. 1989ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ಅದರ ಹಕ್ಕು ಪಡೆದು, ಅಂಗೈಯಗಲದ 'ಗೇಮ್ ಬಾಯ್' ಯಂತ್ರದಲ್ಲೂ ದೂರದರ್ಶನಕ್ಕೆ ಜೋಡಿಸುವ ತನ್ನ ಇನ್ನೊಂದು ಯಂತ್ರದಲ್ಲೂ ಹೊರತಂದಿತು. 1993ರಲ್ಲಿ ರಷ್ಯದ ಗಗನಯಾತ್ರಿ ಅಲೆಕ್ಸಾಂಡರ್ ಸೆರೆಬ್ರೋವ್ ತಮ್ಮೊಡನೆ ಗೇಮ್ ಬಾಯ್ ಒಯ್ದು ಅಂತರಿಕ್ಷದಲ್ಲೇ ಟೆಟ್ರಿಸ್ ಆಡಿದರು. ಇಷ್ಟಾದರೂ ಆಟ ಕಂಡುಹಿಡಿದ ಪಾಜಿಟ್ನೋವ್‌ಗೆ ಅದರಿಂದ ರಾಯಧನ ಬರತೊಡಗಿದ್ದು 1996ರಲ್ಲಿ. ಮೊದಲಿಗೆ ಹಕ್ಕುಗಳು ಸೋವಿಯತ್ ಸರ್ಕಾರದ ಕೈಯಲ್ಲಿದ್ದವು.

ನಮ್ಮಲ್ಲೂ 1990ರ ದಶಕದಲ್ಲಿ ಜಾತ್ರೆಗಳಲ್ಲಿ, ಪೇಟೆಯ ಆಟಿಕೆ ಅಂಗಡಿಗಳಲ್ಲಿ 'ಬ್ರಿಕ್ ಗೇಮ್' ಎಂಬ ಬೂದು ಪರದೆಯ ಪುಟ್ಟ ಯಂತ್ರಗಳು ಸಿಗುತ್ತಿದ್ದವು. ನಿಮ್ಮ ತಂದೆ ತಾಯಂದಿರನ್ನೇ ಕೇಳಿ ನೋಡಿ. ಎರಡು ಪೆನ್ಸಿಲ್ ಸೆಲ್ ಹಾಕಿ ಗಂಟೆಗಟ್ಟಲೆ ಆಡಿದ ನೆನಪು ಅವರಲ್ಲಿ ಕೆಲವರಿಗಾದರೂ ಇದ್ದೀತು. ಅದು ಟೆಟ್ರಿಸ್‌ನ ಅನುಕರಣೆಯೇ.

ಏಳು ಆಕಾರಗಳ ಗಣಿತ

ನಾಲ್ಕು ಚೌಕಗಳನ್ನು ಅಂಚಿಗೆ ಅಂಚು ಸೇರಿಸಿ ಎಷ್ಟು ಆಕಾರ ಮಾಡಬಹುದು? ಚೌಕುಳಿ ಕಾಗದ ತೆಗೆದುಕೊಂಡು ಪ್ರಯತ್ನಿಸಿ. ನೇರ ಕೋಲು ಒಂದು, ಚೌಕಾಕಾರ ಒಂದು, ಟಿ ಆಕಾರ ಒಂದು, ಎಲ್ ಆಕಾರ ಮತ್ತು ಅದರ ಕನ್ನಡಿ ಬಿಂಬ, ಎಸ್ ಆಕಾರ ಮತ್ತು ಅದರ ಕನ್ನಡಿ ಬಿಂಬವಾದ ಜೆಡ್ ಆಕಾರ. ಒಟ್ಟು ಏಳು. ಪರದೆಯ ಮೇಲೆ ತುಂಡನ್ನು ತಿರುಗಿಸಬಹುದೇ ಹೊರತು ದೋಸೆಯಂತೆ ಮಗುಚಿ ಹಾಕುವಂತಿಲ್ಲ. ಆದ್ದರಿಂದ ಕನ್ನಡಿ ಬಿಂಬಗಳನ್ನು ಬೇರೆ ಆಕಾರಗಳೆಂದೇ ಎಣಿಸಬೇಕು.

ಈಗ ಒಂದು ಸಣ್ಣ ಪ್ರಶ್ನೆ. ಏಳು ತುಂಡುಗಳಲ್ಲಿ ಒಟ್ಟು 28 ಚೌಕಗಳಿವೆ. ನಾಲ್ಕು ಸಾಲು, ಏಳು ಕಂಬಗಳ ಆಯತದಲ್ಲೂ 28 ಚೌಕಗಳೇ. ಏಳು ತುಂಡುಗಳನ್ನು ಒಂದೊಂದು ಸಲ ಬಳಸಿ ಈ ಆಯತವನ್ನು ತುಂಬಬಹುದೇ? ಎಷ್ಟು ಹೊತ್ತು ಪ್ರಯತ್ನಿಸಿದರೂ ಆಗುವುದಿಲ್ಲ. ಕಾರಣ ಬಹಳ ಸೊಗಸಾಗಿದೆ. ಆಯತಕ್ಕೆ ಚದುರಂಗದ ಹಾಸಿನಂತೆ ಕಪ್ಪು ಬಿಳುಪು ಬಣ್ಣ ಹಚ್ಚಿ. 14 ಕಪ್ಪು, 14 ಬಿಳಿ ಚೌಕಗಳಾಗುತ್ತವೆ. ಆರು ತುಂಡುಗಳು ಎಲ್ಲಿ ಕುಳಿತರೂ ಎರಡು ಕಪ್ಪು, ಎರಡು ಬಿಳಿ ಚೌಕಗಳನ್ನೇ ಮುಚ್ಚುತ್ತವೆ. ಟಿ ಆಕಾರ ಮಾತ್ರ ಒಂದು ಬಣ್ಣದ ಮೂರು, ಇನ್ನೊಂದರ ಒಂದು ಚೌಕವನ್ನು ಮುಚ್ಚುತ್ತದೆ. ಆದ್ದರಿಂದ ಏಳೂ ಸೇರಿ 15 ಮತ್ತು 13 ಆಗುತ್ತವೆಯೇ ಹೊರತು 14 ಮತ್ತು 14 ಎಂದೂ ಆಗುವುದಿಲ್ಲ. ಸಾವಿರ ಸಲ ಪ್ರಯತ್ನಿಸಿ ಸೋಲುವುದಕ್ಕೂ ಆಗದೆಂದು ಒಮ್ಮೆ ಸಿದ್ಧಪಡಿಸುವುದಕ್ಕೂ ಇರುವ ವ್ಯತ್ಯಾಸ ಇದು. ಗಣಿತದ ಬಲ ಇರುವುದೇ ಇಲ್ಲಿ.

ಗಣಿತಜ್ಞರು ಇನ್ನೂ ಮುಂದಕ್ಕೆ ಹೋದರು. ಎಸ್ ಮತ್ತು ಜೆಡ್ ತುಂಡುಗಳೇ ಒಂದರ ಹಿಂದೆ ಒಂದು ಬರುತ್ತ ಹೋದರೆ, ಎಷ್ಟೇ ಜಾಣನಾದರೂ ಕೊನೆಗೆ ಸೋಲಲೇಬೇಕು ಎಂದು 1990ರ ದಶಕದಲ್ಲಿ ಸಾಧಿಸಿ ತೋರಿಸಿದರು. 2002ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು, ಮುಂದೆ ಬರುವ ಎಲ್ಲ ತುಂಡುಗಳೂ ಮೊದಲೇ ತಿಳಿದಿದ್ದರೂ ಅತ್ಯುತ್ತಮವಾಗಿ ಜೋಡಿಸುವುದು ಗಣಕಯಂತ್ರಗಳಿಗೂ ಅತಿ ಕಠಿಣವಾದ ಲೆಕ್ಕಗಳ ವರ್ಗಕ್ಕೆ ಸೇರುತ್ತದೆ ಎಂದು ತೋರಿಸಿದರು. ಮಕ್ಕಳಾಟವೆಂದು ನಾವು ಕರೆಯುವುದರ ಒಳಗೆ ಎಂಥ ಆಳವಿದೆ ನೋಡಿ.

ಇಪ್ಪತ್ತೊಂಬತ್ತನೆಯ ಹಂತದ ಗೋಡೆ

ಪರದೆಯ ಮೇಲಿನ ಚಲನೆ ನಿಜವಾದ ಚಲನೆಯಲ್ಲ. ಆ ಹಳೆಯ ನಿಂಟೆಂಡೊ ಯಂತ್ರ ಸೆಕೆಂಡಿಗೆ ಸುಮಾರು 60 ಸಲ ಚಿತ್ರವನ್ನು ಹೊಸದಾಗಿ ತೋರಿಸುತ್ತದೆ. ಪ್ರತಿ ಚಿತ್ರದಲ್ಲೂ ತುಂಡಿನ ಸ್ಥಾನ ತುಸು ಬದಲಾಗಿರುತ್ತದೆ. ನಮ್ಮ ಕಣ್ಣು ಮತ್ತು ಮಿದುಳು ಈ ಚಿತ್ರಗಳನ್ನು ಹೆಣೆದು ಚಲನೆ ಎಂದು ಭಾವಿಸುತ್ತವೆ. ಸಿನಿಮಾದ ತತ್ವವೂ ಇದೇ.

ಆಟದ ಹಂತ ಏರಿದಂತೆ ತುಂಡುಗಳು ಬೇಗ ಬೇಗ ಬೀಳುತ್ತವೆ. 29ನೆಯ ಹಂತಕ್ಕೆ ಬಂದಾಗ ಪ್ರತಿ ಚಿತ್ರಕ್ಕೂ ಒಂದು ಮನೆಯಂತೆ ಕೆಳಗಿಳಿಯುತ್ತವೆ. ಪರದೆಯ ಎತ್ತರ 20 ಮನೆ. ಅಂದರೆ ಮೇಲಿನಿಂದ ತಳಕ್ಕೆ ಬರಲು 20 ಚಿತ್ರಗಳು ಸಾಕು. ಸೆಕೆಂಡಿನ ಮೂರನೆಯ ಒಂದು ಭಾಗ! ಗುಂಡಿಯನ್ನು ಒತ್ತಿ ಹಿಡಿದರೆ ತುಂಡು ಪಕ್ಕಕ್ಕೆ ಸರಿಯುವ ವೇಗ ಸೆಕೆಂಡಿಗೆ ಸುಮಾರು 10 ಮನೆ ಮಾತ್ರ. ಲೆಕ್ಕ ಹಾಕಿ. ಸೆಕೆಂಡಿನ ಮೂರನೆಯ ಒಂದು ಭಾಗದಲ್ಲಿ ಮೂರು ಮನೆ ಸರಿಯಬಹುದು. ಆದರೆ ನಡುವಿನಿಂದ ಅಂಚಿಗೆ ಹೋಗಲು ನಾಲ್ಕೈದು ಮನೆ ಸರಿಯಬೇಕು. ತುಂಡು ಅಂಚನ್ನು ತಲುಪುವ ಮೊದಲೇ ನೆಲ ಮುಟ್ಟಿರುತ್ತದೆ. ಆದ್ದರಿಂದ 29ನೆಯ ಹಂತವೇ ಆಟದ ಕೊನೆ ಎಂದು ಎರಡು ದಶಕಗಳಿಗೂ ಹೆಚ್ಚು ಕಾಲ ಎಲ್ಲರೂ ನಂಬಿದ್ದರು. ಅದು ಯಂತ್ರ ಕಟ್ಟಿದ ಗೋಡೆ ಎಂದುಕೊಂಡಿದ್ದರು.

ಗೋಡೆಯಲ್ಲಿ ಮೊದಲ ಬಿರುಕು ಬಿಟ್ಟಿದ್ದು 2011ರಲ್ಲಿ. 1990ರ ನಿಂಟೆಂಡೊ ವಿಶ್ವ ಚಾಂಪಿಯನ್‌ಷಿಪ್ ಗೆದ್ದಿದ್ದ ಥಾರ್ ಆಕರ್ಲುಂಡ್, ಗುಂಡಿಯನ್ನು ಒತ್ತಿ ಹಿಡಿಯುವ ಬದಲು ಬೆರಳನ್ನು ನಡುಗಿಸಿ ಬೇಗಬೇಗನೆ ತಟ್ಟುವ ವಿಧಾನದಿಂದ 30ನೆಯ ಹಂತ ಮುಟ್ಟಿದರು. ಈ ವಿಧಾನಕ್ಕೆ ಹೈಪರ್‌ಟ್ಯಾಪಿಂಗ್ ಎಂದು ಹೆಸರು. 2018ರ ಕ್ಲಾಸಿಕ್ ಟೆಟ್ರಿಸ್ ವಿಶ್ವ ಸ್ಪರ್ಧೆಯಲ್ಲಿ ಹದಿನಾರು ವರ್ಷದ ಜೋಸೆಫ್ ಸೇಲೀ ಇದೇ ವಿಧಾನದಿಂದ, ಏಳು ಬಾರಿಯ ಚಾಂಪಿಯನ್ ಜೋನಸ್ ನ್ಯೂಬಾವರ್ ಅವರನ್ನು ಅಂತಿಮ ಪಂದ್ಯದಲ್ಲಿ ಸೋಲಿಸಿದರು. 2020ರ ಸುಮಾರಿಗೆ ಇನ್ನೂ ಚತುರವಾದ ವಿಧಾನ ಬಂತು. ಒಂದು ಕೈಯ ಬೆರಳನ್ನು ಗುಂಡಿಯ ಮೇಲೆ ಹಗುರವಾಗಿ ಇಟ್ಟುಕೊಂಡು, ಇನ್ನೊಂದು ಕೈಯ ಬೆರಳುಗಳಿಂದ ಯಂತ್ರದ ಹಿಡಿಕೆಯ ಹಿಂಭಾಗವನ್ನು ತಬಲಾ ನುಡಿಸಿದಂತೆ ಒಂದಾದ ಮೇಲೊಂದರಂತೆ ತಟ್ಟುವುದು. ಪ್ರತಿ ತಟ್ಟಿಗೂ ಹಿಡಿಕೆ ಮುಂದಕ್ಕೆ ಸರಿದು, ಗುಂಡಿ ತಾನೇ ಬಂದು ಬೆರಳಿಗೆ ತಾಗುತ್ತದೆ! ಇದರಿಂದ ಸೆಕೆಂಡಿಗೆ 20 ಸಲ ಗುಂಡಿ ಒತ್ತುವುದು ಸಾಧ್ಯವಾಯಿತು. ಗೋಡೆ ಬಿದ್ದುಹೋಯಿತು.

ಇಲ್ಲಿ ವಿಚಾರ ಮಾಡಬೇಕಾದ ಅಂಶವೊಂದಿದೆ. 1989ರಿಂದ 2011ರವರೆಗೆ ದಾಟಲಾಗದ ಗೋಡೆಯನ್ನು ಮುಂದಿನ ಹತ್ತೇ ವರ್ಷಗಳಲ್ಲಿ ಹದಿಹರೆಯದವರು ಒಬ್ಬರಾದ ಮೇಲೊಬ್ಬರು ದಾಟಿದ್ದು ಹೇಗೆ? ಯಂತ್ರ ಅದೇ, ಆಟವೂ ಅದೇ. ಬದಲಾದದ್ದು ತಿಳಿವಳಿಕೆ ಹರಡುವ ದಾರಿ. ಹಿಂದೆ ಒಬ್ಬ ಆಟಗಾರ ಕಂಡುಕೊಂಡ ಕೌಶಲ ಅವನ ಕೋಣೆಯಲ್ಲೇ ಉಳಿಯುತ್ತಿತ್ತು. ಈಗ ಅವನು ತನ್ನ ಬೆರಳುಗಳ ವಿಡಿಯೋ ಮಾಡಿ ಹಾಕುತ್ತಾನೆ. ಸಾವಿರಾರು ಮೈಲಿ ದೂರದ ಇನ್ನೊಬ್ಬ ಅದನ್ನು ನಿಧಾನಗತಿಯಲ್ಲಿ ನೋಡಿ ಕಲಿಯುತ್ತಾನೆ. ತಾನು ಮಾಡಿದ ಸುಧಾರಣೆಯನ್ನು ಮತ್ತೆ ಹಾಕುತ್ತಾನೆ. ವಿಜ್ಞಾನ ಬೆಳೆಯುವುದೂ ಹೀಗೆಯೇ. ಕಂಡದ್ದನ್ನು ಪ್ರಕಟಿಸು, ಇತರರು ಪರೀಕ್ಷಿಸಲಿ, ಅದರ ಮೇಲೆ ಮುಂದಿನವರು ಕಟ್ಟಲಿ. ಓಕ್ಲಹೋಮಾದ ಹುಡುಗ ಈ ಸರಪಳಿಯ ಕೊನೆಯ ಕೊಂಡಿ.

ಮಗ್ಗಿ ಬಾರದ ಯಂತ್ರ

ಯಂತ್ರ ಸ್ತಬ್ಧವಾದದ್ದೇಕೆ? ಇದರ ಉತ್ತರ ಗಣಕ ವಿಜ್ಞಾನ ಓದುವವರಿಗೆ ಒಳ್ಳೆಯ ಪಾಠ. ಟೆಟ್ರಿಸ್‌ನಲ್ಲಿ ಒಂದು ಸಾಲು ಅಳಿದರೆ 40 ಅಂಕ, ನಾಲ್ಕು ಸಾಲು ಒಟ್ಟಿಗೆ ಅಳಿದರೆ 1,200 ಅಂಕ. ಇದನ್ನು ಹಂತದ ಸಂಖ್ಯೆಗೆ ಒಂದು ಕೂಡಿಸಿ ಗುಣಿಸಬೇಕು. ಆದರೆ ಆ ಯಂತ್ರದ ಸಂಸ್ಕಾರಕಕ್ಕೆ ಗುಣಾಕಾರದ ಆದೇಶವೇ ಇಲ್ಲ! ಅದಕ್ಕೆ ಮಗ್ಗಿ ಬಾರದು, ಕೂಡುವುದಷ್ಟೇ ಗೊತ್ತು. ಆದ್ದರಿಂದ ತಂತ್ರಾಂಶ ಬರೆದವರು ಮತ್ತೆ ಮತ್ತೆ ಕೂಡುವ ಉಪಾಯ ಮಾಡಿದರು. 5ನೆಯ ಹಂತದಲ್ಲಿ ಆರು ಸಲ ಕೂಡಿದರೆ ಮುಗಿಯಿತು. 157ನೆಯ ಹಂತದಲ್ಲಿ 158 ಸಲ ಕೂಡಬೇಕು.

ಸೆಕೆಂಡಿನ ಅರವತ್ತನೆಯ ಒಂದು ಭಾಗದಲ್ಲಿ ಯಂತ್ರ ತನ್ನ ಲೆಕ್ಕವನ್ನೆಲ್ಲ ಮುಗಿಸಿ ಮುಂದಿನ ಚಿತ್ರಕ್ಕೆ ಸಿದ್ಧವಾಗಬೇಕು. ಕೂಡುವುದು ಮುಗಿಯುವ ಮೊದಲೇ ಮುಂದಿನ ಚಿತ್ರದ ಕರೆ ಬಂದರೆ, ಅರ್ಧ ಮಾಡಿದ ಕೆಲಸದ ನಡುವೆ ಯಂತ್ರ ದಾರಿ ತಪ್ಪುತ್ತದೆ. ತನಗೆ ಸಂಬಂಧವಿಲ್ಲದ ಸ್ಮೃತಿಯ ಭಾಗವನ್ನು ಆದೇಶವೆಂದು ಓದಿ ಸ್ತಬ್ಧವಾಗುತ್ತದೆ. 1989ರಲ್ಲಿ ತಂತ್ರಾಂಶ ಬರೆದವರದು ಅಜಾಗರೂಕತೆ ಎನ್ನಲಾಗದು. 29ನೆಯ ಹಂತವನ್ನೇ ಯಾರೂ ದಾಟಲಾರರು ಎಂದಿದ್ದಾಗ 150ನೆಯ ಹಂತದ ಚಿಂತೆ ಯಾರಿಗಿದ್ದೀತು? ಮನುಷ್ಯನ ಮಿತಿಯ ಬಗ್ಗೆ ಮಾಡಿದ ಊಹೆಯೊಂದು ತಂತ್ರಾಂಶದೊಳಗೆ ಅಡಗಿ ಕುಳಿತಿತ್ತು. ಮಕ್ಕಳು ಆ ಊಹೆಯನ್ನು ಸುಳ್ಳಾಗಿಸಿದರು.

ಯಂತ್ರ ಹೀಗೆ ಕುಸಿಯಬಹುದೆಂದು 2021ರಲ್ಲೇ 'ಸ್ಟ್ಯಾಕ್‌ರ‍್ಯಾಬಿಟ್' ಎಂಬ ಸ್ವಯಂಚಾಲಿತ ತಂತ್ರಾಂಶ ತೋರಿಸಿಕೊಟ್ಟಿತ್ತು. ಬಳಿಕ ಆಸಕ್ತರು ಆಟದ ಆದೇಶಗಳನ್ನು ಸಾಲು ಸಾಲಾಗಿ ಓದಿ, ಯಾವ ಹಂತದಲ್ಲಿ ಏನು ಮಾಡಿದರೆ ಕುಸಿಯುತ್ತದೆ ಎಂದು ಪಟ್ಟಿ ಮಾಡಿದರು. 2024ರ ಅಕ್ಟೋಬರಿನಲ್ಲಿ ಇನ್ನೊಬ್ಬ ಹದಿಹರೆಯದ ಆಟಗಾರ, ಸ್ತಬ್ಧವಾಗದಂತೆ ತಿದ್ದಿದ ಆವೃತ್ತಿಯಲ್ಲಿ 255ನೆಯ ಹಂತವನ್ನೂ ದಾಟಿದ. ಎಂಟು ಬಿಟ್‌ಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 255. ಅದಕ್ಕೆ ಒಂದು ಕೂಡಿಸಿದರೆ ಸೊನ್ನೆ. ಆಟ ಮರುಹುಟ್ಟು ಪಡೆದು ಮತ್ತೆ ಸೊನ್ನೆಯಿಂದ ಆರಂಭವಾಯಿತು. ಹಳೆಯ ಸ್ಕೂಟರಿನ ಕಿಲೋಮೀಟರ್ ಅಂಕಿಗಳು ಒಂಬತ್ತುಗಳೆಲ್ಲ ಮುಗಿದು ಸೊನ್ನೆಗೆ ಮರಳುವುದನ್ನು ಇದಕ್ಕೆ ಹೋಲಿಸಬಹುದು.

ವಿಡಿಯೋ ನಮ್ಮ ಅಂಗೈಗೆ ಬರುವ ಬಗೆ

ಈ ಸುದ್ದಿಯನ್ನು ಜಗತ್ತಿಗೆ ಮುಟ್ಟಿಸಿದ ಆನ್‌ಲೈನ್ ವಿಡಿಯೋ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನೂ ನೋಡೋಣ. ಯೂಟ್ಯೂಬಿನ ಮೊದಲ ವಿಡಿಯೋ 2005ರ ಏಪ್ರಿಲ್ 23ರಂದು ಬಂತು. ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತ ಒಬ್ಬ ಯುವಕ. 19 ಸೆಕೆಂಡು, ಅಷ್ಟೇ.

ಇಂದಿನ ಸಾಧಾರಣ ಉತ್ತಮ ಗುಣಮಟ್ಟದ ಒಂದು ಚಿತ್ರದಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080 ಚುಕ್ಕೆಗಳಿರುತ್ತವೆ. ಒಟ್ಟು 20 ಲಕ್ಷಕ್ಕೂ ಹೆಚ್ಚು. ಪ್ರತಿ ಚುಕ್ಕೆಗೆ ಮೂರು ಬೈಟ್, ಸೆಕೆಂಡಿಗೆ 30 ಚಿತ್ರ. ಗುಣಿಸಿದರೆ ಸೆಕೆಂಡಿಗೆ 18 ಕೋಟಿ 66 ಲಕ್ಷ ಬೈಟ್! ಇಷ್ಟನ್ನು ಕಳುಹಿಸಿದರೆ ನಿಮ್ಮ ದಿನದ ಡೇಟಾ ಹತ್ತು ಹದಿನೈದು ಸೆಕೆಂಡಿನಲ್ಲಿ ಮುಗಿದೀತು. ಆದ್ದರಿಂದ ಒಂದು ಉಪಾಯ. ಒಮ್ಮೆ ಪೂರ್ಣ ಚಿತ್ರ ಕಳುಹಿಸಿ, ಆಮೇಲೆ ಬದಲಾದ ಭಾಗವನ್ನು ಮಾತ್ರ ಕಳುಹಿಸುವುದು. ಟೆಟ್ರಿಸ್ ಪರದೆಯಲ್ಲಿ ಒಂದು ತುಂಡು ಬಿಟ್ಟರೆ ಉಳಿದದ್ದೆಲ್ಲ ನಿಂತೇ ಇರುತ್ತದೆ. ಅದನ್ನು ಕುಗ್ಗಿಸುವುದು ಸುಲಭ. ಮಳೆಗಾಲದ ಜೋಗ ಜಲಪಾತದ ವಿಡಿಯೋದಲ್ಲಿ ಪ್ರತಿ ಹನಿಯೂ ಚಲಿಸುತ್ತದೆ. ಅದನ್ನು ಕುಗ್ಗಿಸುವುದು ಕಷ್ಟ. ಹೀಗೆ ಕುಗ್ಗಿಸಿದಾಗ ಸಾಮಾನ್ಯವಾಗಿ ಮೂಲದ ನೂರನೆಯ ಒಂದು ಪಾಲಿಗಿಂತ ಕಡಿಮೆ ಬೈಟ್‌ಗಳು ನಿಮ್ಮ ಫೋನಿಗೆ ಬರುತ್ತವೆ.

ಇಷ್ಟು ಜಾಣತನದಿಂದ ಬಂದ ವಿಡಿಯೋ ಉಚಿತವಾಗಿ ಸಿಗುವುದೇಕೆ? ಜಾಹೀರಾತಿನಿಂದ. ನಾವು ಹೆಚ್ಚು ಹೊತ್ತು ನೋಡಿದಷ್ಟೂ ಹೆಚ್ಚು ಜಾಹೀರಾತು ತೋರಿಸಬಹುದು. 2012ರಲ್ಲಿ ಯೂಟ್ಯೂಬ್, ಒಂದು ವಿಡಿಯೋವನ್ನು ಎಷ್ಟು ಜನ ತೆರೆದರು ಎಂಬುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಹೆಚ್ಚು ಬೆಲೆ ಕೊಡುವಂತೆ ತನ್ನ ಶಿಫಾರಸು ಪದ್ಧತಿಯನ್ನು ಬದಲಾಯಿಸಿತು. 2020ರ ಜೂನಿನಲ್ಲಿ ಭಾರತ ಸರ್ಕಾರ ಟಿಕ್‌ಟಾಕ್ ಅನ್ನು ನಿಷೇಧಿಸಿದ ಬಳಿಕ, ಅದೇ ಸೆಪ್ಟೆಂಬರಿನಲ್ಲಿ ಯೂಟ್ಯೂಬ್ 'ಶಾರ್ಟ್ಸ್' ಎಂಬ ಕಿರು ವಿಡಿಯೋಗಳನ್ನು ಮೊದಲು ಪರಿಚಯಿಸಿದ್ದು ಭಾರತದಲ್ಲೇ. ಬೆರಳಿನಿಂದ ಮೇಲಕ್ಕೆ ತಳ್ಳಿದರೆ ಮುಂದಿನದು, ಮತ್ತೆ ತಳ್ಳಿದರೆ ಅದರ ಮುಂದಿನದು. ಈ ಪಟ್ಟಿಗೆ ಕೊನೆಯಿಲ್ಲ.

ಮುಗಿಯುವ ಆಟ, ಮುಗಿಯದ ಪಟ್ಟಿ

ನಮ್ಮ ಅಜ್ಜಿಯರು ಆಡುತ್ತಿದ್ದ ಅಳಗುಳಿಮಣೆಯನ್ನು ನೆನೆಯಿರಿ. ಹುಣಸೆ ಬೀಜಗಳು ಒಬ್ಬರ ಕಡೆ ತೀರಿದಾಗ ಆಟ ಮುಗಿಯುತ್ತದೆ. ಚೌಕಾಬಾರದಲ್ಲಿ ಕಾಯಿಗಳು ಹಣ್ಣಾದಾಗ ಮುಗಿಯುತ್ತದೆ. ಟೆಟ್ರಿಸ್‌ನಲ್ಲೂ ರಾಶಿ ಮೇಲಕ್ಕೆ ಮುಟ್ಟಿದಾಗ ಮುಗಿಯುತ್ತದೆ. ಮುಗಿದಾಗ ಒಂದು ಕ್ಷಣ ಬಿಡುವು ಸಿಗುತ್ತದೆ. ಇನ್ನೊಂದು ಆಟ ಬೇಕೇ, ಇಲ್ಲ ಊಟಕ್ಕೆ ಏಳಬೇಕೇ ಎಂದು ಕೇಳಿಕೊಳ್ಳಲು ಆ ಕ್ಷಣ ಅವಕಾಶ ಕೊಡುತ್ತದೆ. ಮುಗಿಯದ ಪಟ್ಟಿ ಕಿತ್ತುಕೊಳ್ಳುವುದು ಈ ಬಿಡುವಿನ ಕ್ಷಣವನ್ನೇ. ನೀವು ನಿಲ್ಲಿಸಬೇಕೆಂದರೆ ನಿಮ್ಮೊಳಗಿನಿಂದಲೇ ಶಕ್ತಿ ತಂದುಕೊಳ್ಳಬೇಕು. ಆಟವಾಗಲಿ ಪರದೆಯಾಗಲಿ ನೆರವಾಗುವುದಿಲ್ಲ. ಅನೇಕ ಹೊಸ ಫೋನ್ ಆಟಗಳನ್ನೂ ಇದೇ ರೀತಿ ರೂಪಿಸಿರುತ್ತಾರೆ. ದಿನವೂ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ನಷ್ಟ.

ಹಾಗೆಂದು ಆಡುವುದೇ ರೋಗವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು 2019ರಲ್ಲಿ ಅಂಗೀಕರಿಸಿದ, 2022ರ ಜನವರಿ 1ರಿಂದ ಜಾರಿಗೆ ಬಂದ ರೋಗಗಳ ಪಟ್ಟಿಯಲ್ಲಿ 'ಗೇಮಿಂಗ್ ಡಿಸಾರ್ಡರ್' ಎಂಬ ತೊಂದರೆ ಸೇರಿದೆ. ಅದರ ಲಕ್ಷಣಗಳನ್ನು ಎಚ್ಚರಿಕೆಯಿಂದ ಓದಬೇಕು. ಆಟದ ಮೇಲೆ ಹತೋಟಿ ತಪ್ಪುವುದು, ಉಳಿದೆಲ್ಲ ಆಸಕ್ತಿಗಳಿಗಿಂತ ಆಟವೇ ಮುಖ್ಯವಾಗುವುದು, ಹಾನಿಯಾಗುತ್ತಿದೆ ಎಂದು ಕಂಡರೂ ಮುಂದುವರಿಯುವುದು. ಇದರಿಂದ ಓದು, ಮನೆ, ಸ್ನೇಹಗಳಿಗೆ ಗಂಭೀರ ಪೆಟ್ಟು ಬಿದ್ದಿರಬೇಕು. ಸಾಮಾನ್ಯವಾಗಿ 12 ತಿಂಗಳಾದರೂ ಹೀಗೇ ನಡೆದಿರಬೇಕು. ಭಾನುವಾರ ಎರಡು ಗಂಟೆ ಆಡಿದವನಿಗೆ ಈ ಹೆಸರು ಹಚ್ಚುವುದು ತಪ್ಪು. ನಿಜವಾಗಿಯೂ ಈ ಸ್ಥಿತಿಗೆ ಬಂದವರು ವೈದ್ಯರ ಬಳಿ ಹೋಗಲು ನಾಚಬೇಕಾದುದೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲೇ ಇಂಥವರಿಗಾಗಿ 'ಷಟ್' ಎಂಬ ವಿಶೇಷ ಚಿಕಿತ್ಸಾಲಯವನ್ನು ಆರಂಭಿಸಿತು.

ಹಣ ಕಟ್ಟಿ ಆಡುವ ಆಟಗಳ ಮಾತೇ ಬೇರೆ. ಅಲ್ಲಿ ಸೋತರೆ ಹೋಗುವುದು ಸಮಯ ಮಾತ್ರವಲ್ಲ, ಮನೆಯ ದುಡ್ಡು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಇವನ್ನು ತಡೆಯಲು ಯತ್ನಿಸಿತು. 2022ರ ಫೆಬ್ರುವರಿಯಲ್ಲಿ ರಾಜ್ಯ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾನೂನೊಂದನ್ನು ಅಂಗೀಕರಿಸಿತು. ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು, ಅವು ಅದೃಷ್ಟದವಾಗಲಿ ಕೌಶಲದವಾಗಲಿ, ಅದು ನಿಷೇಧಿಸುತ್ತದೆ. ಇ-ಕ್ರೀಡೆಗಳಿಗೂ ಮನರಂಜನೆಯ ಸಾಮಾನ್ಯ ಆಟಗಳಿಗೂ ಪ್ರೋತ್ಸಾಹ ಕೊಡುತ್ತದೆ. ಕಾನೂನು ಕೂಡ ಆಟ ಮತ್ತು ಜೂಜುಗಳ ನಡುವೆ ಗೆರೆ ಎಳೆಯುತ್ತಿದೆ ಎಂಬುದು ಇಲ್ಲಿ ಮುಖ್ಯ.

ಹಾಗಾದರೆ ಸರಿ ಯಾರದು?

ನಿರೂಪಕಿ ಹೇಳಿದ ಗಾಳಿ ಬೆಳಕಿನ ಮಾತು ಸುಳ್ಳಲ್ಲ. ಬೆಳೆಯುವ ದೇಹಕ್ಕೆ ಓಟ, ಆಟ, ಬಿಸಿಲು ಬೇಕು, ನಿದ್ದೆಯೂ ಬೇಕು. ಆದರೆ ಆ ಮಾತಿನಲ್ಲಿ ಒಂದು ಪ್ರಶ್ನೆ ಕಾಣೆಯಾಗಿತ್ತು. 'ನೀನು ಮಾಡಿದ್ದೇನಪ್ಪ, ನನಗೂ ತಿಳಿಸು' ಎಂದು ಕೇಳಿದ್ದರೆ, ಸೆಕೆಂಡಿನ ಮೂರನೆಯ ಒಂದು ಭಾಗದ ಲೆಕ್ಕ, ಬೆರಳುಗಳ ವರ್ಷಗಟ್ಟಲೆ ಅಭ್ಯಾಸ, ಮಗ್ಗಿ ಬಾರದ ಯಂತ್ರದ ಕಥೆ ಎಲ್ಲವೂ ಹೊರಬರುತ್ತಿತ್ತು. ಪಿಟೀಲು ಕಲಿಯುವ ಹುಡುಗಿಗೆ ಯಾರೂ 'ಪಿಟೀಲು ಬಿಟ್ಟು ಹೊರಗೆ ಹೋಗು' ಎಂದು ಹೇಳುವುದಿಲ್ಲ. ಏಕೆಂದರೆ ಅವಳ ಸಾಧನೆ ನಮ್ಮ ಕಿವಿಗೆ ತಿಳಿಯುತ್ತದೆ. ಪರದೆಯ ಮುಂದೆ ಕುಳಿತವನು ಕಲಿಯುತ್ತಿದ್ದಾನೋ ಕಳೆಯುತ್ತಿದ್ದಾನೋ ಎಂಬುದು ಹಿಂದಿನಿಂದ ನೋಡಿದವರಿಗೆ ತಿಳಿಯುವುದಿಲ್ಲ. ಎರಡೂ ಒಂದೇ ರೀತಿ ಕಾಣುತ್ತವೆ.

ಆದ್ದರಿಂದ ಹೊಣೆ ನಿಮ್ಮ ಮೇಲೂ ಇದೆ. ಮನೆಯಲ್ಲಿ 'ಏನು ನೋಡುತ್ತಿದ್ದೀಯೆ?' ಎಂದು ಕೇಳಿದರೆ 'ಏನಿಲ್ಲ' ಎನ್ನಬೇಡಿ. ನಿಜವಾಗಿಯೂ ಏನಿಲ್ಲವಾದರೆ, ಅದನ್ನು ಮುಚ್ಚಲು ಅದೇ ಸಾಕಾದ ಕಾರಣ. ಏನೋ ಇದ್ದರೆ ತೋರಿಸಿ, ವಿವರಿಸಿ. ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ ಗೆಳೆಯರೊಡನೆ ನಡೆಸುವ ಆಟದ ಹರಟೆಯನ್ನು ಒಂದು ದಿನ ಅಡುಗೆಮನೆಯಲ್ಲೂ ನಡೆಸಿ ನೋಡಿ. ತಾನು ಇಷ್ಟಪಟ್ಟು ಮಾಡುವುದನ್ನು ಇನ್ನೊಬ್ಬರಿಗೆ ಅರ್ಥವಾಗುವಂತೆ ಹೇಳಬಲ್ಲವನು ಅದರ ಗುಲಾಮನಾಗುವ ಸಂಭವ ಕಡಿಮೆ.

ಚರ್ಚೆಗೆ ಕೆಲವು ಪ್ರಶ್ನೆಗಳು

1. ನೀವು ಆಡುವ ಆಟಕ್ಕೆ ಕೊನೆ ಎಂಬುದಿದೆಯೇ? ಅದು ಯಾವಾಗ, ಯಾರ ನಿರ್ಧಾರದಿಂದ ಬರುತ್ತದೆ?

2. ಕಳೆದ ವಾರ ನೀವು ನೋಡಿದ ವಿಡಿಯೋಗಳಲ್ಲಿ ನೀವೇ ಹುಡುಕಿ ತೆಗೆದವು ಎಷ್ಟು? ತಾನಾಗಿ ಮುಂದೆ ಬಂದವು ಎಷ್ಟು? ಒಂದು ದಿನ ಪಟ್ಟಿ ಮಾಡಿ ನೋಡಿ.

3. ಐದು ಚೌಕಗಳ ತುಂಡುಗಳು ಹನ್ನೆರಡು ಎಂದೆವು. ಅಲ್ಲಿ ಕನ್ನಡಿ ಬಿಂಬಗಳನ್ನು ಬೇರೆಯಾಗಿ ಎಣಿಸಿಲ್ಲ. ಎಣಿಸಿದರೆ ಹದಿನೆಂಟಾಗಬೇಕು. ಚೌಕುಳಿ ಕಾಗದದ ಮೇಲೆ ಎಲ್ಲವನ್ನೂ ಬರೆದು ತೋರಿಸಬಲ್ಲಿರಾ?